ಏಳರಲ್ಲಿ ನಾಲ್ಕು ಎಳೆ

ಪಕ್ಕದ ಮನೆಯ ಮುತ್ತಮ್ಮ ಗೋಡೆಯಾಚೆಯಿಂದ ಮೀನಿನ ಮಾತೆತ್ತಿದಾಗ ಮುನಾವರ್ ಪಾಷಾ ಯಾರದೋ ಮಿಕ್ಸಿಯ ಹೊಟ್ಟೆ ಬಿಚ್ಚಿಕೊಂಡು ಅಂಗಳದಲ್ಲಿ ಕೂತಿದ್ದ.

"ನೋಡು ಬೇಗಮ್ಮಾ, ನಾನು ಮೀನು ಮುಟ್ಟಿ ಮೂರು ತಿಂಗ್ಳಾಯ್ತು. ಆ ಯಜಮಾನ ನನ್ನ ಮುಖಾನೇ ನೋಡ್ಕಂಡು, ಬೆಳಿಗ್ಗೇನೇ ಮೀನು ತಿಂದು ಶೆಡ್ಡಿಗೆ ಬರ್ತೀಯಲ್ಲ, ರೇಷ್ಮೆಗೆ ವಾಸ್ನೆ ಹತ್ಕೊಳ್ಳುತ್ತೆ ಅಂತಾನೆ. ನಾಲ್ಕು ದಿನದಿಂದ ಇದೇ ಪುರಾಣ."

ಪಾಷಾನ ಹೆಂಡತಿ ಅನ್ವರ್ ಬೇಗಂ ಬಟ್ಟೆ ಒಣಹಾಕುತ್ತಾ ನಕ್ಕಳು. "ಸೋಪು ಹಾಕಿ ಕೈ ತೊಳ್ಕೊಂಡು ಹೋಗು."

"ತೊಳ್ಕೊಂಡೇ ಹೋಗೋದು. ಹೇಳ್ಬೇಕು ಅಂದ್ರೆ ನಂಗೂ ವಾಸ್ನೆ ಬರ್ತದೆ ಕಣಮ್ಮ. ಬೆಳಿಗ್ಗೆ ಇರಲ್ಲ. ಎಂಟೂ ಮಗ್ಗ ಓಡಿ ಓಡಿ, ಊಟದ ಹೊತ್ತಾದ್ಮೇಲೆ ಶುರುವಾಯ್ತದೆ. ನಾನು ಕಂಡಿಕೆಗೆ ನೂಲು ಸುತ್ತಕ್ಕೆ ಕೂರೋ ಜಾಗದಲ್ಲೇ ಜಾಸ್ತಿ."

ಪಾಷಾನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು.

"ನೀನು ಕೂರೋ ಜಾಗದ ಮೇಲೇನಿದೆ ಮುತ್ತಮ್ಮ?"

"ಏನಿರ್ತದಣ್ಣ, ಕರೆಂಟಿನ ಬೋರ್ಡು. ಹೊಸಾದು. ಹೋದ ತಿಂಗ್ಳು ಹಾಕ್ಸವ್ರೆ."

"ಯಾರು ಹಾಕಿದ್ದು?"

"ಇನ್ಯಾರು, ಭೀಮರಾಜಣ್ಣ."

ಕಾದ ಪ್ಲಾಸ್ಟಿಕ್ಕು ಸುಡುವುದಕ್ಕೆ ಮುಂಚೆ ಮೀನಿನ ವಾಸನೆ ಬಿಡುತ್ತದೆ. ಹೊಗೆ ಆಮೇಲೆ, ಕಿಡಿ ಅದಕ್ಕೂ ಆಮೇಲೆ. ಇದು ಪುಸ್ತಕದಿಂದ ಬಂದ ಅರಿವಲ್ಲ. ಮೂಗಿಗೆ ಒಮ್ಮೆ ಹತ್ತಿದರೆ ಸಾಯುವವರೆಗೂ ಮರೆಯದು. ಪಾಷಾನ ಮೂಗಿಗೆ ಅದು ಹನ್ನೊಂದು ವರ್ಷದ ಹಿಂದೆ ಹತ್ತಿತ್ತು. ಮುತ್ತಮ್ಮನ ಯಜಮಾನ ರಾಮಾಂಜಿನಪ್ಪನ ಅದೇ ಮಗ್ಗದ ಶೆಡ್ಡಿನ ಬಳಿ, ಅದೇ ಗೋಡೆಯ ಹತ್ತಿರ, ಅದೇ ಭೀಮರಾಜ ಕೂರಿಸಿದ ಬೋರ್ಡಿನಿಂದ.

ಮುತ್ತಮ್ಮ ಬುತ್ತಿ ಹಿಡಿದು ಕೆಲಸಕ್ಕೆ ಹೊರಟಳು. ಪಾಷಾ ಅವಳನ್ನು ಎಚ್ಚರಿಸದೆ ಹೋಗಲು ಬಿಟ್ಟ.

ಹದಿನೆಂಟನೆಯ ವಯಸ್ಸಿಗೆ ಟೆಸ್ಟರ್ ಹಿಡಿದವನು ಮುನಾವರ್ ಪಾಷಾ. ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಅವನು ತಂತಿ ಎಳೆಯದ ಶೆಡ್ಡುಗಳು ಒಂದು ಕಾಲಕ್ಕೆ ಕಡಿಮೆಯಿದ್ದವು. ಮೀಟರಿನಿಂದ ಬೋರ್ಡಿಗೆ ಬರುವ ತಂತಿಯ ವಿಷಯದಲ್ಲಿ ಅವನು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ದಪ್ಪ ಅಲ್ಯೂಮಿನಿಯಂ ತಂತಿ, ಒಳಗೆ ಏಳು ಎಳೆ. ಎರಡು ಮಗ್ಗ ಇದ್ದವರಿಗೂ ಅದೇ. ನಾಳೆ ಮಗ್ಗ ಹೆಚ್ಚಿದರೆ ತಂತಿ ಬದಲಿಸುವ ಹಾಗಾಗಬಾರದು ಎನ್ನುತ್ತಿದ್ದ.

ಆಗ ಬೋರ್ಡಿನಲ್ಲಿ ಪಿಂಗಾಣಿಯ ದೊಡ್ಡ ಫ್ಯೂಸುಗಳಿದ್ದವು. ಅವುಗಳ ಬಾಯಿ ಅಗಲ. ಏಳು ಎಳೆಯೂ ಆರಾಮಾಗಿ ಕೂರುತ್ತಿದ್ದವು. ಆಮೇಲೆ ಫ್ಯೂಸಿನ ಜಾಗಕ್ಕೆ ಬ್ರೇಕರುಗಳು ಬಂದವು. ನೋಡಲು ಚಂದ, ಬಾಯಿ ಮಾತ್ರ ಚಿಕ್ಕದು. ಹಳೆಯ ದಪ್ಪ ತಂತಿ ಅದರೊಳಗೆ ಹೋಗದು. ಸರಿಯಾದ ದಾರಿಯೊಂದಿದೆ: ಏಳೂ ಎಳೆಗಳನ್ನು ಲಗ್ಗು ಎಂಬ ಲೋಹದ ತುಂಡಿನ ಕೊಳವೆಯೊಳಗೆ ತೂರಿಸಿ, ಇಕ್ಕಳದಿಂದ ಬಿಗಿಯಾಗಿ ಒತ್ತಬೇಕು, ಲಗ್ಗಿನ ಇನ್ನೊಂದು ತುದಿ ಕಡ್ಡಿಯಂತೆ ಸಣ್ಣಗಿರುತ್ತದೆ, ಆ ಕಡ್ಡಿಯನ್ನು ಬ್ರೇಕರಿನ ಬಾಯಿಗೆ ಕೊಡಬೇಕು. ಒಂದೊಂದು ತಂತಿಗೂ ಐದು ನಿಮಿಷದ ಕೆಲಸ. ಇನ್ನೊಂದು ದಾರಿಗೆ ಅರ್ಧ ನಿಮಿಷ ಸಾಕು: ಏಳರಲ್ಲಿ ಮೂರು ಎಳೆ ಕತ್ತರಿಸಿ ಎಸೆದು, ಉಳಿದ ನಾಲ್ಕನ್ನು ಒಳಗೆ ತುರುಕಿ ಸ್ಕ್ರೂ ತಿರುಗಿಸುವುದು. ಏಳು ಎಳೆಯಲ್ಲಿ ಹರಿದು ಬಂದದ್ದು ಕೊನೆಯ ಒಂದು ಅಂಗುಲದಲ್ಲಿ ನಾಲ್ಕರ ಮೇಲೆ ಬೀಳುತ್ತದೆ. ಅಲ್ಲಿ ಬಿಸಿ ಹುಟ್ಟುತ್ತದೆ. ಹಿಟ್ಟಿನ ಗಿರಣಿಯಲ್ಲಿ ಹಿಟ್ಟು ಕೂರುವಂತೆ ನೂಲಿನ ಧೂಳು ಎಲ್ಲದರ ಮೇಲೂ ಕೂರುವ ಶೆಡ್ಡಿನಲ್ಲಿ ಅಷ್ಟು ಬಿಸಿ ಸಾಕು.

ಭೀಮರಾಜ ಆ ಎರಡನೆಯ ದಾರಿಯವನು. ಆದರೆ ಅವನ ಕೆಲಸ ಕಣ್ಣಿಗೆ ಅಚ್ಚುಕಟ್ಟು. ಎಳೆ ಕತ್ತರಿಸಿದ ಕುತ್ತಿಗೆಯ ಸುತ್ತ ಕೆಂಪು ಟೇಪು ಸುತ್ತುತ್ತಿದ್ದ, ಒಂದು ಸುಕ್ಕಿಲ್ಲದಂತೆ. ಪಾಷಾನ ಬೋರ್ಡುಗಳಲ್ಲಿ ಟೇಪೂ ಇಲ್ಲ, ಬಣ್ಣವೂ ಇಲ್ಲ. ಜನ ಕೆಂಪು ಟೇಪನ್ನು ಮೆಚ್ಚಿದರು.

ಹನ್ನೊಂದು ವರ್ಷದ ಹಿಂದೆ, ರಾತ್ರಿಪಾಳಿ ಮುಗಿದ ಒಂದು ಬೆಳಗಿನ ಜಾವ ರಾಮಾಂಜಿನಪ್ಪನ ಶೆಡ್ಡಿಗೆ ಬೆಂಕಿ ಬಿತ್ತು. ಮೂರು ಮಗ್ಗ, ಏರಿಸಿದ್ದ ರೇಷ್ಮೆಯ ಹಾಸು ಎಲ್ಲ ಹೋಯಿತು. ತಂತಿ ಪಾಷಾನದು, ಬ್ರೇಕರು ಭೀಮರಾಜನದು. ಭೀಮರಾಜ ಮೊದಲು ಬಂದ. "ಹಳೇ ವೈರು, ಕಳಪೆ ಮಾಲು, ಪಾಷಾ ಎಳ್ದಿದ್ದು" ಎಂದ. ಪಾಷಾ ಬಂದವನು ಒಳಗೆ ಹೋಗಿ ನೋಡಿದ. ಮೂರು ದಿನದ ಹಿಂದೆ ಆ ದಾರಿಯಲ್ಲಿ ಹೋಗುವಾಗ ಹತ್ತಿದ ಮೀನಿನ ವಾಸನೆ ಯಾವುದೆಂದು ಅವನಿಗೆ ಆಗ ತಿಳಿಯಿತು. ಕೋಪದಲ್ಲಿ ಅವನ ಕೈ ತಾನಾಗಿ ಮುಂದೆ ಹೋಯಿತು. ಬ್ರೇಕರನ್ನು ತಂತಿಯ ತುಂಡಿನ ಸಮೇತ ಬೋರ್ಡಿನಿಂದ ಕಿತ್ತು, ಬೀದಿಯಲ್ಲಿ ನಿಂತಿದ್ದ ರಾಮಾಂಜಿನಪ್ಪನ ಮುಂದೆ ಹಿಡಿದ.

"ಎಣಿಸಿ ಯಜಮಾನ್ರೆ, ನಾಲ್ಕೇ ಎಳೆ."

ಅವನ ಬದುಕಿನ ದೊಡ್ಡ ತಪ್ಪು ಅದೇ. ಬೋರ್ಡಿನಲ್ಲಿ ಇದ್ದಷ್ಟು ಹೊತ್ತು ಅದು ಸಾಕ್ಷಿಯಾಗಿತ್ತು. ಅವನ ಕೈಗೆ ಬಂದ ಮೇಲೆ ಏನೂ ಆಗಿರಲಿಲ್ಲ.

"ನೀನೇ ಕಿತ್ಕೊಂಡು ಬಂದಿದ್ದೀಯ. ನೀನೇ ಕತ್ತರಿಸಿಲ್ಲ ಅಂತ ಹೆಂಗ್ ನಂಬೋದು?" ಎಂದ ರಾಮಾಂಜಿನಪ್ಪ.

ಕತ್ತರಿಸಿದ ತುದಿಗೂ ಮಸಿ ಹಿಡಿದಿದೆ, ನೋಡಿ, ಬೆಂಕಿಗೆ ಮುಂಚೆ ಕತ್ತರಿಸಿದ್ದಕ್ಕೇ ಮಸಿ ಹಿಡಿಯೋದು ಎಂದು ಪಾಷಾ ಹೇಳಿದ. ಯಾರೂ ನೋಡಲಿಲ್ಲ. ನೇಕಾರರ ಸಂಘದ ಸೊಣ್ಣಪ್ಪನೂ ಅಲ್ಲೇ ಇದ್ದ. ಅವನೂ ಬೇರೆ ಕಡೆ ನೋಡಿದ. ಅಂದಿನಿಂದ ಪಾಷಾನ ಹೆಸರು ಬೆಂಕಿ ಪಾಷಾ. ಒಂದು ವರ್ಷದಲ್ಲಿ ಮಗ್ಗದ ಬೀದಿಯವರು ಅವನನ್ನು ಕರೆಯುವುದು ಪೂರ್ತಿ ನಿಂತಿತು. ಮಿಕ್ಸಿ, ಫ್ಯಾನು, ಇಸ್ತ್ರಿ ಪೆಟ್ಟಿಗೆ ಅವನ ಪಾಲಿಗೆ ಉಳಿದವು.

ಆ ಸುಟ್ಟ ತುಂಡನ್ನು ಅವನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಟ್ಟ. ಪ್ರತಿ ರಂಜಾನಿಗೆ ಮನೆಗೆ ಸುಣ್ಣ ಬಳಿಯುವಾಗ ಡಬ್ಬಿ ಕೆಳಗಿಳಿಯುತ್ತಿತ್ತು. ಡಬ್ಬಿ ಒರೆಸುತ್ತಿದ್ದ, ಒಳಗಿನದನ್ನು ಒರೆಸುತ್ತಿರಲಿಲ್ಲ. ಮಸಿ ಅಳಿಸಬಾರದು. ಅನ್ವರ್ ಬೇಗಂ ಮನೆಮಾತಾದ ದಖನಿ ಉರ್ದುವಿನಲ್ಲಿ ಗೊಣಗುತ್ತಿದ್ದಳು, ಬೇರೆಯವರು ಅಟ್ಟದಲ್ಲಿ ಉಪ್ಪಿನಕಾಯಿ ಇಡುತ್ತಾರೆ, ಈ ಮನುಷ್ಯ ಹಗೆ ಇಟ್ಟಿದ್ದಾನೆ ಎಂದು.

ಇವತ್ತು ಮಿಕ್ಸಿಯ ಮುಂದೆ ಕೂತು ಪಾಷಾ ಯೋಚಿಸಿದ. ಉರಿಯಲಿ. ಒಂದು ಮಾತೂ ಆಡುವುದು ಬೇಡ. ಎಂಟು ಮಗ್ಗ ಉರಿಯಲಿ, ಈ ಸಲ ಪಾಷಾನ ಹೆಸರು ಹೇಳಲು ಅಲ್ಲಿ ಪಾಷಾನ ಒಂದು ಗೇಣು ತಂತಿಯೂ ಇಲ್ಲ. ಬೀದಿಯಲ್ಲಿ ನಿಂತು ನೋಡಬೇಕು. ಈ ಯೋಚನೆ ಅವನಿಗೆ ಎಷ್ಟು ಹಿತವಾಗಿತ್ತೆಂದರೆ, ಮಿಕ್ಸಿಯ ಕಾರ್ಬನ್ ಎರಡು ಸಲ ತಪ್ಪಾಗಿ ಕೂರಿಸಿದ.

ಹನ್ನೆರಡೂವರೆಗೆ ಅನ್ವರ್ ಬೇಗಂ ಊಟಕ್ಕೆ ಕರೆದಳು. ಮುತ್ತಮ್ಮ ಈಗ ಆ ಬೋರ್ಡಿನ ಕೆಳಗೆ ಕೂತು ಬುತ್ತಿ ಬಿಚ್ಚುತ್ತಿರುತ್ತಾಳೆ ಎಂದು ಪಾಷಾನಿಗೆ ಅನ್ನಿಸಿತು. ಎದ್ದು ಅಟ್ಟದಿಂದ ಡಬ್ಬಿ ತೆಗೆದ. ಇಕ್ಕಳ, ಲಗ್ಗುಗಳ ಚೀಲ ಹೆಗಲಿಗೆ ಹಾಕಿಕೊಂಡ.

"ಊಟ?" ಎಂದಳು ಹೆಂಡತಿ.

"ಬಂದು ಮಾಡ್ತೀನಿ. ಇವತ್ತು ಹಸಿವು ಜಾಸ್ತಿ ಇದೆ."

ಶೆಡ್ಡಿನಲ್ಲಿ ಎಂಟು ಮಗ್ಗಗಳ ಸದ್ದಿಗೆ ಮಾತು ಕೇಳುವ ಹಾಗಿರಲಿಲ್ಲ. ಪಾಷಾ ಕೈಸನ್ನೆಯಲ್ಲೇ ಮುತ್ತಮ್ಮನನ್ನು ಬೋರ್ಡಿನ ಕೆಳಗಿನಿಂದ ಎಬ್ಬಿಸಿದ. ರಾಮಾಂಜಿನಪ್ಪನ ಸೊಸೆ ದಿವ್ಯ ಬಂದಳು. ಗಂಡ ಆನಂದ್ ದೇವನಹಳ್ಳಿ ಏರ್‌ಪೋರ್ಟಿನ ಕಾರ್ಗೋ ಕೆಲಸಕ್ಕೆ ಸೇರಿದ ಮೇಲೆ ಶೆಡ್ಡು ನಡೆಸುವವಳು ಅವಳೇ.

"ಯಾರು ನೀವು?" ಎಂದು ಕಿವಿಯ ಹತ್ತಿರ ಕೂಗಿದಳು.

"ಮುನಾವರ್ ಪಾಷಾ. ನಿಮ್ಮನೇಲಿ ಬೆಂಕಿ ಪಾಷಾ ಅಂತಾರೆ. ಆ ಬೋರ್ಡಿನ ಬಾಗಿಲ ಮೇಲೆ ಕೈಯಿಡಮ್ಮ."

ಇಟ್ಟವಳು ತಕ್ಷಣ ತೆಗೆದಳು. "ಹೊಸ ಬ್ರೇಕರ್ ಸ್ವಲ್ಪ ಬಿಸಿ ಆಗುತ್ತೆ ಅಂದಿದ್ರು ಭೀಮರಾಜಣ್ಣ."

"ಮೊದ್ಲು ಮಗ್ಗಗಳನ್ನ ನಿಲ್ಸು. ಆಮೇಲೆ ಮೀಟರ್ ಹತ್ರ ಇರೋ ಮೂರು ಫ್ಯೂಸೂ ಕಿತ್ತು ನಿನ್ನ ಹತ್ರನೇ ಇಟ್ಕೋ. ನನ್ನ ಕೈಗೆ ಕೊಡ್ಬೇಡ."

ಮಗ್ಗಗಳು ಒಂದೊಂದಾಗಿ ನಿಂತವು. ಸದ್ದು ನಿಂತ ಶೆಡ್ಡಿನಲ್ಲಿ ಮೀನಿನ ವಾಸನೆ ಮಾತ್ರ ಉಳಿಯಿತು. ಬೀದಿಯ ಕಟ್ಟೆಯ ಮೇಲೆ ಸೀರೆ ಪರೀಕ್ಷಿಸುತ್ತಿದ್ದ ರಾಮಾಂಜಿನಪ್ಪ ಎದ್ದು ಒಳಗೆ ಬಂದ. ಎಪ್ಪತ್ತು ದಾಟಿದ ಮುದುಕ. ಪಾಷಾನನ್ನು ನೋಡಿ ಅವನ ಮುಖ ಬಿಗಿಯಿತು.

"ನಿನ್ನ ಯಾರು ಕರೆದ್ರು?"

"ಮೀನು ಕರೀತು ಯಜಮಾನ್ರೆ."

"ತಮಾಷೆ ಬೇಡ. ನಾಳಿದ್ದು ಮದುವೆ ಸೀರೆ ಕಳಿಸ್ಬೇಕು. ಕರೆಂಟ್ ಹಾಕಮ್ಮ ದಿವ್ಯಾ."

"ಹಾಕಲ್ಲ ಮಾವ. ಬೋರ್ಡ್ ಸುಡ್ತಾ ಇದೆ," ಎಂದಳು ದಿವ್ಯ. ಫ್ಯೂಸುಗಳು ಅವಳ ಸೆರಗಿನ ಗಂಟಿನಲ್ಲಿದ್ದವು. ಪಾಷಾನ ಕಡೆ ತಿರುಗಿ, "ನೀವೇ ಬಿಚ್ಚಿ ನೋಡಿ ಪಾಷಣ್ಣ," ಎಂದಳು.

"ನಾನು ಮುಟ್ಟಲ್ಲ ತಾಯಿ. ಹನ್ನೊಂದು ವರ್ಷದ ಹಿಂದೆ ಮುಟ್ಟಿ ಕೆಟ್ಟೆ. ಹಾಕಿದೋನು ಬಂದು ಬಿಚ್ಲಿ. ಸೊಣ್ಣಪ್ಪೋರು ಬರ್ಲಿ. ಅವತ್ತು ಬೀದೀಲಿ ನಿಂತಿದ್ದೋರಲ್ಲಿ ಯಾರ್ಯಾರು ಬದುಕಿದಾರೋ ಎಲ್ಲಾರೂ ಬರ್ಲಿ."

"ಅಲ್ಲೀತಂಕ ಮಗ್ಗ ನಿಲ್ಬೇಕಾ?" ಎಂದ ರಾಮಾಂಜಿನಪ್ಪ.

"ನಿಲ್ಲಲಿ. ನಂದು ಹನ್ನೊಂದು ವರ್ಷದಿಂದ ನಿಂತಿದೆ."

ಕಂಡಿಕೆಯ ಬುಟ್ಟಿಯೊಂದನ್ನು ಬೋರಲು ಹಾಕಿ, ಪಾಷಾ ಬೋರ್ಡಿಗೆ ಬೆನ್ನು ಕೊಟ್ಟು ಕೂತ. ಯಾರನ್ನೂ ಹತ್ತಿರ ಬಿಡಲಿಲ್ಲ. ನೊಣ ಓಡಿಸಲು ಬಂದ ಮುತ್ತಮ್ಮನನ್ನೂ ಬಿಡಲಿಲ್ಲ. ದಿವ್ಯ ಸೊಣ್ಣಪ್ಪನಿಗೂ ಭೀಮರಾಜನಿಗೂ ಹೇಳಿಕಳಿಸಿದಳು. ಎರಡು ಗಂಟೆಯಾಯಿತು. ಸೊಣ್ಣಪ್ಪ ಕೋಲೂರಿಕೊಂಡು ಬಂದ. ಅಕ್ಕಪಕ್ಕದ ಶೆಡ್ಡಿನವರು, ಮಗ್ಗ ಯಾಕೆ ನಿಂತಿತೆಂದು ಕೇಳಲು ಬಂದವರು, ನಿಂತರು. ಮೂರಕ್ಕೆ ಭೀಮರಾಜ ಬಂದ. ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು.

"ಏನ್ ಪಾಷಾ ಭಾಯ್, ಮಿಕ್ಸಿ ಬಿಟ್ಟು ಈ ಕಡೆ ಬಂದ್ಬಿಟ್ಟಿದ್ದೀರ?"

"ಬಿಚ್ಚು," ಎಂದ ಪಾಷಾ.

ಭೀಮರಾಜ ನಗುತ್ತಲೇ ಬೋರ್ಡು ಬಿಚ್ಚಿದ. ಒಳಗೆ ನಾಲ್ಕು ತಂತಿಗಳ ಕುತ್ತಿಗೆಯ ಮೇಲೂ ಕೆಂಪು ಟೇಪು. ಮಧ್ಯದ್ದೊಂದು ಕಂದಿ ಕಾಫಿಪುಡಿಯ ಬಣ್ಣಕ್ಕೆ ಬಂದಿತ್ತು. "ನೋಡಿ, ಎಷ್ಟು ನೀಟಾಗಿದೆ."

"ಟೇಪು ತೆಗಿ."

"ಟೇಪ್ ಯಾಕೆ ತೆಗೀಬೇಕು? ಅದು ಸೇಫ್ಟಿಗೆ ಹಾಕಿರೋದು."

"ತೆಗೀರಣ್ಣ," ಎಂದಳು ದಿವ್ಯ. ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ.

ಟೇಪು ಕರಗಿ ಬೆರಳಿಗೆ ಅಂಟುತ್ತಾ ಬಂತು. ಕೆಳಗೆ ಮೂರು ಎಳೆಗಳ ಮೊಂಡು ಕಾಣಿಸಿತು.

"ನೀವು ಎಣಿಸಿ ಯಜಮಾನ್ರೆ," ಎಂದ ಪಾಷಾ.

ರಾಮಾಂಜಿನಪ್ಪ ಹತ್ತಿರದ ಮಧುರೆ ಹಳ್ಳಿಯ ಹೊಲ ಬಿಟ್ಟು ಮಗ್ಗಕ್ಕೆ ಬಂದವನು. ಐವತ್ತು ವರ್ಷದಿಂದ ಅವನ ಬೆರಳಿಗೆ ಗೊತ್ತಿರುವುದು ಎಳೆ ಒಂದೇ. ಸಾವಿರಾರು ಎಳೆಯ ಹಾಸಿನಲ್ಲಿ ಒಂದು ತಪ್ಪಿದರೆ ಕಣ್ಣು ಮುಚ್ಚಿಕೊಂಡೇ ಹಿಡಿದು, ನೇಯ್ದವನ ಮುಖಕ್ಕೆ ಸೀರೆ ಎಸೆಯುತ್ತಿದ್ದ. ಆ ಬೆರಳು ಈಗ ತಂತಿಯ ಮೇಲೆ ಸರಿದು ನಡುವೆ ನಿಂತಿತು.

"ಒಳಗೆ ಹೋಗಿರೋದು ನಾಲ್ಕು."

"ಎಷ್ಟಿರ್ಬೇಕು?"

"ಏಳು."

"ತಂತಿ ದಪ್ಪ, ಬ್ರೇಕರ್ ಬಾಯಿ ಚಿಕ್ಕದು," ಎಂದ ಭೀಮರಾಜ. "ಇಡೀ ಊರಲ್ಲಿ ಎಲ್ಲಾರೂ ಹಿಂಗೇ ಮಾಡೋದು."

"ಬಳೆ ಚಿಕ್ಕದು ಅಂತ ಹೆಣ್ಮಗೂನ ಬೆರಳು ಕತ್ತರಿಸಿ ತೊಡಿಸ್ತೀಯೇನೋ," ಎಂದ ಸೊಣ್ಣಪ್ಪ. ಯಾರೋ ಹಿಂದಿನಿಂದ ನಕ್ಕರು. ಭೀಮರಾಜ ನಗಲಿಲ್ಲ.

ಪಾಷಾ ಡಬ್ಬಿ ತೆರೆದ. ಸುಟ್ಟ ತುಂಡನ್ನು ರಾಮಾಂಜಿನಪ್ಪನ ಅಂಗೈಯಲ್ಲಿಟ್ಟ. ಮುದುಕ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಕತ್ತರಿಸಿದ ತುದಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಮೂರು ಮೊಂಡು. ಮೂರರ ಬಾಯಿಗೂ ಮಸಿ. ಕುತ್ತಿಗೆಯ ಬಳಿ ಕರಗಿ ಗಟ್ಟಿಯಾದ ಕೆಂಪು ಟೇಪಿನ ಹಕ್ಕಳೆ.

"ಅವತ್ತೇ ನೋಡ್ಬೋದಿತ್ತು," ಎಂದ ಮೆಲ್ಲಗೆ.

"ಅವತ್ತೇ ತೋರ್ಸಿದ್ದೆ."

"ತಪ್ಪಾಯ್ತು ಪಾಷಾ."

"ಇಲ್ಲಿ ಬೇಡ. ಅವತ್ತು ಬೀದೀಲಿ ಅಂದಿದ್ದು. ಬೀದೀಲೇ ಹೇಳಿ."

ರಾಮಾಂಜಿನಪ್ಪ ಹೊರಗೆ ಹೋಗಿ ಕಟ್ಟೆಯ ಕೆಳಗೆ ನಿಂತು, ಅವತ್ತು ಬೆಂಕಿ ಬಿದ್ದದ್ದು ಪಾಷಾನಿಂದಲ್ಲ, ನಾನು ಸುಳ್ಳು ನಂಬಿದ್ದೆ ಎಂದ. ದನಿ ಸಣ್ಣಗಿತ್ತು. "ಎದುರುಮನೆಗೆ ಕೇಳಿಸ್ಲಿಲ್ಲ," ಎಂದ ಪಾಷಾ. ಮುದುಕ ಇನ್ನೊಮ್ಮೆ ಹೇಳಿದ. ಎದುರುಮನೆಯ ಕಿಟಕಿ ತೆರೆಯಿತು. ಪಾಷಾನಿಗೆ ಆ ಸದ್ದು ಬಹಳ ಇಷ್ಟವಾಯಿತು. ಅದು ಇಷ್ಟವಾಯಿತೆಂದು ಅವನು ಯಾರ ಹತ್ತಿರವೂ ಮುಚ್ಚಿಡಲಿಲ್ಲ.

ದಿವ್ಯ ಕೂಲಿ ಎಷ್ಟೆಂದು ಕೇಳಿದಳು. ಅವನು ಬೇಡವೆಂದ. ಬದಲಿಗೆ, ಆ ಸುಟ್ಟ ತುಂಡನ್ನು ಹೊಸ ಬೋರ್ಡಿನ ಪಕ್ಕ, ಗೋಡೆಗೆ ಸ್ಕ್ರೂ ಹಾಕಿ ಕೂರಿಸಬೇಕೆಂದ. ಯಜಮಾನರು ದಿನಾ ಊದುಬತ್ತಿ ಹಚ್ಚುವಾಗ ಕಾಣಬೇಕು. ಅವಳು ಕೂರಿಸಿದಳು. ಅದು ಈಗಲೂ ಅಲ್ಲಿದೆ.

ಬೋರ್ಡು ಸರಿಮಾಡಿದ್ದು ಭೀಮರಾಜನ ಕೈ. ಪಾಷಾ ಬುಟ್ಟಿಯ ಮೇಲಿಂದ ಏಳಲಿಲ್ಲ. ಬಾಯಿ ಸುಟ್ಟ ಬ್ರೇಕರು ಬದಲಾಯಿತು. ತಂತಿಯ ಕೆಟ್ಟ ತುದಿ ಕತ್ತರಿಸಿ, ಹೊಸದಾಗಿ ಸಿಪ್ಪೆ ಬಿಡಿಸಿ, ಏಳೂ ಎಳೆಯನ್ನು ಲಗ್ಗಿಗೆ ತೂರಿಸುವ ಮುಂಚೆ ಪಾಷಾ ಪ್ರತಿಸಲ ಹೇಳಿದ, "ಜೋರಾಗಿ ಎಣಿಸು."

"ಒಂದು, ಎರಡು, ಮೂರು..."

"ಹಿಂದಿರೋರಿಗೆ ಕೇಳಿಸ್ಲಿಲ್ಲ."

ಇಕ್ಕಳ ಪಾಷಾನದೇ. "ಇನ್ನೂ ಒತ್ತು. ಅಷ್ಟಕ್ಕೇ ಸುಸ್ತಾದ್ರೆ ಹೆಂಗೆ?" ನಾಲ್ಕನೆಯ ಲಗ್ಗಿನ ಹೊತ್ತಿಗೆ ಭೀಮರಾಜನ ಬಿಳಿ ಶರ್ಟು ಬೆನ್ನಿಗಂಟಿತ್ತು. ಫ್ಯೂಸು ಹಾಕಿದಾಗ ಮಗ್ಗಗಳು ಎದ್ದವು. ಅರ್ಧ ಗಂಟೆಯ ನಂತರ ದಿವ್ಯ ಬೋರ್ಡಿನ ಬಾಗಿಲ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಮುತ್ತಮ್ಮ ತನ್ನ ಜಾಗದಲ್ಲಿ ಕೂತು, ಯಜಮಾನನಿಗೆ ಕೇಳುವಂತೆ, "ಈಗ ನೋಡ್ರಪ್ಪ, ನಾನು ಸ್ನಾನ ಮಾಡ್ಕಂಡು ಬಂದ್ಬಿಟ್ಟೆ," ಎಂದಳು.

ಮಾರನೆಯ ದಿನದಿಂದ ಮಗ್ಗದ ಬೀದಿಗಳಲ್ಲಿ ಎಲ್ಲರೂ ತಮ್ಮ ಬೋರ್ಡು ತೆರೆದು ಕೆಂಪು ಟೇಪು ಹುಡುಕಿದರು. ಇಪ್ಪತ್ತಾರು ಶೆಡ್ಡುಗಳಲ್ಲಿ ಸಿಕ್ಕಿತು. ಸೊಣ್ಣಪ್ಪ ಪಾಷಾನ ಮನೆಗೇ ಬಂದು ಕೆಲಸ ಒಪ್ಪಿಕೊಳ್ಳಲು ಕೇಳಿದ. ಪಾಷಾ ಒಪ್ಪಲಿಲ್ಲ. "ಹಾಕಿದೋನೇ ಸರಿ ಮಾಡ್ಲಿ. ನಾನು ನಿಂತು ನೋಡ್ತೀನಿ." ಸಂಘದವರು ಭೀಮರಾಜನನ್ನು ಕರೆಸಿದರು. ಆಗುವುದಿಲ್ಲ ಎಂದಿದ್ದರೆ ಅವನಿಗೆ ಆ ಊರಿನಲ್ಲಿ ಇನ್ನೊಂದು ಬಲ್ಬು ಹಾಕುವ ಕೆಲಸವೂ ಸಿಗುತ್ತಿರಲಿಲ್ಲ.

ಹೀಗೆ ಮೂರು ವಾರ ನಡೆಯಿತು. ದಿನಕ್ಕೊಂದು ಶೆಡ್ಡು, ಕೆಲವು ದಿನ ಎರಡು. ಭೀಮರಾಜ ಟೇಪು ಬಿಡಿಸುತ್ತಿದ್ದ, ಮನೆಯವರ ಎದುರು ನಾಲ್ಕು ಎಣಿಸುತ್ತಿದ್ದ, ಆಮೇಲೆ ಏಳು ಎಣಿಸುತ್ತಿದ್ದ. ಪಾಷಾ ಕೈ ಕಟ್ಟಿ ನಿಂತಿರುತ್ತಿದ್ದ. ಚಹದ ಅಂಗಡಿಯವನು ಮಾತ್ರ ಅಭ್ಯಾಸಬಲದಿಂದ "ಬೆಂಕಿ ಪಾಷಾಗೊಂದು ಟೀ" ಎಂದೇ ಕೂಗುತ್ತಿದ್ದ. ಆ ಹೆಸರು ಹೋಗಲಿಲ್ಲ, ಹೋಗುವುದೂ ಇಲ್ಲ. ಅದನ್ನು ಕೇಳಿದ ದಿನವೆಲ್ಲ ಪಾಷಾ ಭೀಮರಾಜನಿಂದ ಎರಡೆರಡು ಸಲ ಎಣಿಕೆ ಮಾಡಿಸುತ್ತಿದ್ದ.

ಇಪ್ಪತ್ತಾರನೆಯದು ಮುಗಿದ ದಿನ ಪಾಷಾ ಚೀಲ ಹೆಗಲಿಗೇರಿಸಿ, "ನಿನ್ನ ಮನೇದೊಂದು ನೋಡ್ಬಿಡೋಣ," ಎಂದ.

ಅದನ್ನು ಅವನು ಮೊದಲ ದಿನದಿಂದಲೇ ಕೊನೆಗೆಂದು ಎತ್ತಿಟ್ಟುಕೊಂಡಿದ್ದ. ಭೀಮರಾಜನ ಮನೆಯ ಬೋರ್ಡಿನಲ್ಲಿ ಏಳೂ ಎಳೆ ಇರುತ್ತವೆ, ಲಗ್ಗು ಒತ್ತಿರುತ್ತದೆ ಎಂದು ಅವನಿಗೆ ಖಾತ್ರಿಯಿತ್ತು. ತನ್ನ ಮನೆಗೆ ಸರಿಯಾಗಿ ಮಾಡಿಕೊಂಡವನು ಊರಿಗೆ ಗೊತ್ತಿದ್ದೇ ಮೋಸ ಮಾಡಿದ. ಅಷ್ಟು ಸಾಬೀತಾದರೆ ಈ ಮೂರು ವಾರ ಏನೂ ಅಲ್ಲ.

ಭೀಮರಾಜನ ಹೆಂಡತಿ ರುಕ್ಮಿಣಮ್ಮ ಬಾಗಿಲು ತೆರೆದು, ಗಂಡನ ಮುಖ ನೋಡಿ, ಒಳಗೆ ಸರಿದಳು. ನಡುಮನೆಯಲ್ಲಿ ಮಗಳು ಅಕ್ಷತ ಮಂಚದ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಿದ್ದಳು. ಬೋರ್ಡು ಆ ಮಂಚದ ತಲೆದೆಸೆಯ ಗೋಡೆಯಲ್ಲಿತ್ತು. ಯಾವುದೋ ಶೆಡ್ಡಿನ ಕೆಲಸದಲ್ಲಿ ಉಳಿದ ದಪ್ಪ ತಂತಿಯನ್ನೇ ಮನೆಗೂ ಎಳೆದಿದ್ದ. ಭೀಮರಾಜ ಕರೆಂಟು ತೆಗೆದು ಬೋರ್ಡು ಬಿಚ್ಚಿದ.

ಕೆಂಪು ಟೇಪು. ಒಂದು ಸುಕ್ಕಿಲ್ಲ.

ಪಾಷಾ ಅದನ್ನು ನೋಡುತ್ತಾ ನಿಂತ. ಹನ್ನೊಂದು ವರ್ಷ ಅವನು ಹಗೆ ಸಾಧಿಸಿದ್ದು ಒಬ್ಬ ಜಾಣನ ಮೇಲೆ. ಎಲ್ಲ ತಿಳಿದು, ಲೆಕ್ಕ ಹಾಕಿ, ತನ್ನನ್ನು ಕೆಡವಿದವನ ಮೇಲೆ. ಅಂಥವನೊಬ್ಬ ಇರಲೇ ಇಲ್ಲ. ಅವತ್ತು ಬೆಂಕಿಯ ಮುಂದೆ ನಿಂತು ತಂತಿ ಕಳಪೆ ಎಂದಾಗ ಈ ಮನುಷ್ಯ ಅದನ್ನು ನಂಬಿಯೇ ಹೇಳಿದ್ದ. ತನ್ನ ಮಗಳ ತಲೆಯ ಮೇಲೆ ಅದೇ ನಾಲ್ಕು ಎಳೆ ಇಟ್ಟು ಇಷ್ಟು ವರ್ಷ ನಿದ್ದೆ ಮಾಡಿದ್ದ. ಪಾಷಾನಿಗೆ ಸಮಾಧಾನವಾಗಲಿಲ್ಲ. ಯಾರೋ ತನ್ನ ಜೇಬಿಗೆ ಕೈ ಹಾಕಿ ಬಹಳ ದಿನ ಕೂಡಿಟ್ಟದ್ದನ್ನು ಎತ್ತಿಕೊಂಡ ಹಾಗೆ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಭೀಮರಾಜ ಟೇಪು ಬಿಡಿಸಿದ. ಮಗಳು ಪುಸ್ತಕದಿಂದ ತಲೆಯೆತ್ತಿ ಅಪ್ಪನನ್ನು ನೋಡಿದಳು. ಮೂರು ವಾರದ ರೂಢಿಯಂತೆ ಅವನು ತಲೆ ತಗ್ಗಿಸಿ ಶುರುಮಾಡಿದ.

"ಒಂದು, ಎರಡು..."

"ಸಾಕು," ಎಂದ ಪಾಷಾ. "ಲಗ್ಗು ಹಾಕು."

ಇಕ್ಕಳ ಕೊಟ್ಟ. ಇನ್ನೂ ಒತ್ತು ಎಂದು ಹೇಳಲಿಲ್ಲ. ಭೀಮರಾಜ ತಾನಾಗಿಯೇ ಎರಡು ಸಲ ಒತ್ತಿದ.

ಮನೆಗೆ ಬಂದಾಗ ಅನ್ವರ್ ಬೇಗಂ ಗಂಡನ ಮುಖ ನೋಡಿ ಕೇಳಿದಳು, "ಎಲ್ಲಾ ಮುಗೀತಾ? ದಿಲ್ ತಣ್ಣಗಾಯ್ತಾ?"

ಪಾಷಾ ನಡೆದದ್ದನ್ನು ಹೇಳಿದ.

"ಹಂಗಾದ್ರೆ ಮಾಫ್ ಮಾಡಿದ್ರಿ."

"ಇಲ್ಲ," ಎಂದ ಪಾಷಾ, ಚೀಲ ಗೂಟಕ್ಕೆ ಹಾಕುತ್ತಾ. "ಎಣಿಸೋಕೆ ಬಿಡ್ಲಿಲ್ಲ, ಅಷ್ಟೆ."

ಅವಳು ಅಟ್ಟದಿಂದ ಖಾಲಿ ಡಬ್ಬಿ ಇಳಿಸಿ, ತೊಳೆದು, ಬಿಸಿಲಿಗೆ ಬೋರಲು ಹಾಕಿದಳು. ಉಪ್ಪಿನಕಾಯಿಗೆ ಆಗುತ್ತದೆ ಎಂದಳು. ಪಾಷಾ ಬೇಡವೆನ್ನಲಿಲ್ಲ. ಅರ್ಧ ಬಿಚ್ಚಿಟ್ಟಿದ್ದ ಮಿಕ್ಸಿಯನ್ನು ಮುಂದಕ್ಕೆಳೆದುಕೊಂಡು, ಮೂರು ವಾರದ ಹಿಂದೆ ತಪ್ಪಾಗಿ ಕೂರಿಸಿದ್ದ ಕಾರ್ಬನ್ನನ್ನು ಹೊರಗೆ ತೆಗೆದ.